ದೊಡ್ಡ A, ಸಣ್ಣ a ಮತ್ತು ಇಪ್ಪತ್ತಾರು ಕಲ್ಲು

ಎಡ ಮತ್ತು ಬಲ ಎಂಬ ಭೇದ ಮನುಷ್ಯನ ಸಮಸ್ತ ಜ್ಞಾನದ ತಳಹದಿ. ಅದು ಗೊತ್ತಾದ ಮೇಲೆಯೇ ಅವನು ಚಪ್ಪಲಿ ಹೊಲಿದ, ಬಂಡಿಗೆ ಜೋಡಿ ಎತ್ತು ಹೂಡಿದ, ಪಂಕ್ತಿಗೆ ಕೂತಾಗ ಉಪ್ಪಿನಕಾಯಿ ಎಲೆಯ ಯಾವ ಮೂಲೆಗೆ ಎಂದು ತೀರ್ಮಾನಿಸಿದ. ಇಷ್ಟು ಪುರಾತನವಾದ ಈ ಜ್ಞಾನವನ್ನು ನಾನು ಶಹಾಬಾದಿನ ನಮ್ಮ ಶೆಡ್ಡಿನ ಕಂಪ್ಯೂಟರಿಗೆ ಎರಡು ಅಕ್ಷರಗಳಲ್ಲಿ ಹೇಳಿಕೊಟ್ಟೆ. ಅದು ಒಂದನ್ನು ನುಂಗಿ ಸುಮ್ಮನೆ ಕೂತಿತು.

ಆ ಶೆಡ್ಡಿನಲ್ಲಿ ನಾನು ನಕ್ಷೆ ಬರೆಯುವವನು. ಕನ್ನಡಕಕ್ಕೆ ದಾರ ಕಟ್ಟಿಕೊಂಡಿರುವುದರಿಂದ ಹೆಚ್ಚಿನವರು ಮಾಸ್ತರ ಎನ್ನುತ್ತಾರೆ. ಯಾವ ಶಾಲೆಯೂ ಇನ್ನೂ ಆ ತಪ್ಪು ಮಾಡಿಲ್ಲ. ನಕ್ಷೆಯಿಂದ ನಾನು ಒಂದು ಫೈಲು ತಯಾರಿಸುತ್ತೇನೆ. ಅದನ್ನು ಓದಿಕೊಂಡು ಒಂದು ಮಷೀನು ಪರಸಿಯನ್ನು, ಅಂದರೆ ನಮ್ಮ ಕಡೆಯ ಹಾಸುಗಲ್ಲನ್ನು, ಕೊರೆಯುತ್ತದೆ, ಅಂಚು ದುಂಡಗೆ ಮಾಡುತ್ತದೆ. ಮಷೀನು ನಡೆಸುವವರು ವಾಡಿಯಿಂದ ದಿನವೂ ರೈಲಿಗೆ ಬರುವ ಒಬ್ಬ ಹೆಣ್ಣುಮಗಳು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರಾದರೂ ಶೆಡ್ಡಿಗೆಲ್ಲ ಅಕ್ಕ. ಕಲ್ಲು ಆರಿಸುವುದು, ಗುರುತು ಹಾಕುವುದು, ಕಟ್ಟಡದಲ್ಲಿ ಕೂರಿಸುವುದು ಮಿಸ್ತ್ರಿ ಚಾಚಾ ಅವರ ಕೆಲಸ. ಅವರ ಊರು ಚಿಂಚೋಳಿ ಕಡೆಯ ಸುಲೇಪೇಟ. ಶೆಡ್ಡಿನ ಹಿಂದಿನ ಕೋಣೆಯಲ್ಲಿ ವಾರವಿಡೀ ಇದ್ದು ಶನಿವಾರ ಊರಿಗೆ ಹೋಗುತ್ತಿದ್ದರು. ಈ ಮೂವರ ಮೇಲೆ ಶೆಡ್ಡಿನ ಮಾಲಕರಾದ ಸಾವಕಾರರು.

ಸೇಡಂನ ಒಂದು ಮಂಗಲ ಕಾರ್ಯಾಲಯದಿಂದ ಕೆಲಸ ಬಂತು. ಒಳಗೆ ಕಾಲಿಟ್ಟೊಡನೆ ಎರಡು ಮೆಟ್ಟಿಲುಸಾಲು ಇರಬೇಕು. ಒಂದು ಬಲದಿಂದ, ಒಂದು ಎಡದಿಂದ, ಎರಡೂ ಬಾಗುತ್ತ ಏರಿ ಮೇಲಿನ ಒಂದೇ ಕಟ್ಟೆಯಲ್ಲಿ ಕೂಡಬೇಕು. ಗಂಡಿನವರು ಒಂದು ಕಡೆಯಿಂದ, ಹೆಣ್ಣಿನವರು ಇನ್ನೊಂದು ಕಡೆಯಿಂದ ಏರಿ ಬರಲಿ, ಜಗಳವಿದ್ದರೆ ಮೇಲೆ ಆಗಲಿ ಎಂಬ ಉದಾತ್ತ ಕಲ್ಪನೆ. ಸಾಲಿಗೆ ಹನ್ನೊಂದು ಮೆಟ್ಟಿಲು. ಕೆಳಗಿನದು ಎಲ್ಲಕ್ಕಿಂತ ದೊಡ್ಡದು, ಮೇಲಿನದು ಎಲ್ಲಕ್ಕಿಂತ ಸಣ್ಣದು. ಪರಸಿಯ ಒಂದು ಮೈಯನ್ನು ಮಾತ್ರ ನುಣುಪು ಮಾಡುತ್ತೇವೆ, ಇನ್ನೊಂದು ಮೈ ಗಣಿಯಿಂದ ಬಂದ ಹಾಗೇ ಒರಟು. ಆದ್ದರಿಂದ ಎಡದ ಮೆಟ್ಟಿಲನ್ನು ಮಗುಚಿ ಬಲಕ್ಕೆ ಹಾಕುವಂತಿಲ್ಲ. ಎಡದ್ದು ಎಡದ್ದೇ, ಬಲದ್ದು ಬಲದ್ದೇ. ಮಂಗಲ ಕಾರ್ಯಾಲಯದವರ ಮನೆಯದೇ ಮೊದಲ ಮದುವೆ. ಮುಹೂರ್ತ ಗೊತ್ತಾಗಿತ್ತು, ಪತ್ರಿಕೆಯೂ ಹಂಚಿಯಾಗಿತ್ತು.

ಕಲ್ಲು ಬಂದದ್ದು ಚಿತ್ತಾಪುರದ ಹತ್ತಿರದ ಒಂದು ಗಣಿಯಿಂದ. ಒಂದೇ ಪದರಿನ ತಿಳಿನೀಲಿ ಕಲ್ಲು, ಇಪ್ಪತ್ತಾರು. ಆಮೇಲೆ ಆ ಗಣಿಯಲ್ಲಿ ನೀರು ನಿಂತಿತು. ಬೇರೆ ಗಣಿಯ ಕಲ್ಲು ತಂದರೆ ಬಣ್ಣ ಕೂಡುವುದಿಲ್ಲ. ಬೇಕಾದದ್ದು ಇಪ್ಪತ್ತೆರಡು, ನಾಲ್ಕು ಹೆಚ್ಚಿಗೆ.

ಈಗ ಮಿಸ್ತ್ರಿ ಚಾಚಾ ಅವರ ಪದ್ಧತಿ. ಜೋಡಿ ಕಲ್ಲುಗಳಿಗೆ ಅವರು ಸೀಮೆಸುಣ್ಣದಲ್ಲಿ ಇಂಗ್ಲಿಷ್ ಅಕ್ಷರ ಬರೆಯುತ್ತಾರೆ. ಬಲದ ಕಲ್ಲಿಗೆ ದೊಡ್ಡ ಅಕ್ಷರ, ಅದರ ಜೋಡಿ ಎಡದ ಕಲ್ಲಿಗೆ ಅದೇ ಅಕ್ಷರದ ಸಣ್ಣದು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅಕ್ಷರ ಇಪ್ಪತ್ತಾರೂ ಬರುತ್ತವೆ, ಎರಡು ಗಾತ್ರದಲ್ಲಿ. ಅವರ ಗುರುವೂ ಹಾಗೆಯೇ ಬರೆಯುತ್ತಿದ್ದರಂತೆ. ಆ ಗುರುತಿನಿಂದ ಒಂದು ಕಲ್ಲೂ ಎಂದೂ ಅದಲುಬದಲಾಗಿರಲಿಲ್ಲ.

ನನಗೆ ಆ ಪದ್ಧತಿಯ ಮೇಲೆ ಭಕ್ತಿ ಹುಟ್ಟಿತು. ಭಕ್ತಿಯಿಂದ ಅನಾಹುತಗಳು ಹೇಗೆ ಆರಂಭವಾಗುತ್ತವೆ ಎಂಬುದಕ್ಕೆ ಇದೊಂದು ಉದಾಹರಣೆ. ಕಲ್ಲಿನ ಮೇಲೆ ಏನಿದೆಯೋ ಕಂಪ್ಯೂಟರಿನಲ್ಲೂ ಅದೇ ಇರಲಿ ಎಂದು ಫೈಲುಗಳಿಗೆ A ಯಿಂದ K, a ಯಿಂದ k ಎಂದು ಹೆಸರಿಟ್ಟೆ. ನನ್ನ ಮೇಜಿನ ಕಂಪ್ಯೂಟರು ಮುದಿಯದು. ಹೊಸ ವಿಂಡೋಸ್ ಹೊರಲಾರದೆ ಲಿನಕ್ಸ್ ಹಾಕಿಸಿಕೊಂಡದ್ದು. ಅದು ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆಬೇರೆ ಎಂದು ಒಪ್ಪುತ್ತದೆ. ಇಪ್ಪತ್ತೆರಡು ಫೈಲು ಸಾಲಾಗಿ ನಿಂತವು.

ಫೈಲುಗಳನ್ನು ಗಿಟ್‌ನಲ್ಲಿ ಇಡುತ್ತಿದ್ದೆವು. ಯಾವ ಫೈಲಿನಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಎಂಬುದನ್ನು ಮರೆಯದೆ ಇಟ್ಟುಕೊಳ್ಳುವ ವ್ಯವಸ್ಥೆ ಅದು. ನಾನು ಬರೆದದ್ದನ್ನು ಅಲ್ಲಿಗೆ ಕಳಿಸುತ್ತೇನೆ, ಶೆಡ್ಡಿನ ವಿಂಡೋಸ್ ಕಂಪ್ಯೂಟರು ಅಲ್ಲಿಂದ ಎಳೆದುಕೊಳ್ಳುತ್ತದೆ. ಅಕ್ಕನಿಗೆ ತೊಂದರೆಯಾಗಬಾರದೆಂದು ಒಂದು ಗುಂಡಿ ಮಾಡಿಕೊಟ್ಟಿದ್ದೆ. ಸಂಜೆ ಅದನ್ನು ಒತ್ತಿದರೆ ಅಂದಿನ ಬದಲಾವಣೆಗಳೆಲ್ಲ ತಾವಾಗಿ ದಾಖಲಾಗಿ ಹೋಗುತ್ತವೆ. ದಾಖಲೆಯ ಜೊತೆ ಒಂದು ಷರಾ ಬೇಕಲ್ಲ, ಅದನ್ನೂ ನಾನೇ ಕಾಯಂ ಬರೆದಿಟ್ಟಿದ್ದೆ: “ಇಂದಿನ ಕೆಲಸ ಸುಸೂತ್ರವಾಗಿ ನೆರವೇರಿತು.” ಕೆಳಗೆ ಹೆಸರು ನನ್ನದು, ಏಕೆಂದರೆ ಆ ಕಂಪ್ಯೂಟರನ್ನು ಸಜ್ಜು ಮಾಡಿದವನು ನಾನು.

ಮೊದಲ ದಿನವೇ ಅಕ್ಕ ಬಂದು ಕೇಳಿದರು. “ಸರ್, ನೀವು ಇಪ್ಪತ್ತೆರಡು ಅಂತೀರಿ. ನಂಗ ಹನ್ನೊಂದೇ ಕಾಣಾಕತ್ತಾವ.”

“ಕೆಳಗ ಸರಿಸಿ ನೋಡ್ರಿ ಅಕ್ಕಾರ,” ಎಂದೆ, ತಲೆ ಎತ್ತದೆ.

ಅವರು ಹೋದರು. ಸರಿಸಿ ನೋಡಿದರೋ ಏನೋ, ನಾನು ಮತ್ತೆ ಕೇಳಲಿಲ್ಲ.

ಎಡದ ಹನ್ನೊಂದು ಮೆಟ್ಟಿಲು ಮೊದಲು ಕೊರೆದೆವು. ಒಂದೊಂದೂ ಕನ್ನಡಿಯಂತೆ ಬಂತು. ಬಲದವು ಶುರುವಾದವು. A, B, C, D ಆದ ಮೇಲೆ ಒಮ್ಮೆ ಕೂರಿಸಿ ನೋಡೋಣವೆಂದು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಮಿಸ್ತ್ರಿ ಚಾಚಾ ಮತ್ತು ನಾನು ಸೇಡಂಗೆ ಹೋದೆವು. ಸಾವಕಾರರು ಕಾರಿನಲ್ಲಿ ಬಂದರು. ಮೊದಲ ಕಲ್ಲು ಇಳಿಸಿ ಬಲದ ಸಾಲಿನ ಬುಡಕ್ಕೆ ಇಟ್ಟಾಗ ದುಂಡು ಅಂಚು ಗೋಡೆಯ ಕಡೆಗೆ ಹೋಯಿತು, ಒರಟು ಬದಿ ಜನ ಹತ್ತುವ ಕಡೆಗೆ ಬಂತು. ಎರಡನೆಯದೂ ಹಾಗೆ. ನಾಲ್ಕೂ ಹಾಗೆ. ನಮ್ಮ ಬಳಿ ಎಡದ ಮೆಟ್ಟಿಲು ಈಗ ಹದಿನೈದು ಇದ್ದವು, ಬಲದ್ದು ಒಂದೂ ಇರಲಿಲ್ಲ.

“ಇದೇನ್ರಿ ಚಾಚಾ? ಬಲಕ್ಕ ಬರೋದು ಎಡಕ್ಕ ಆಗ್ಯಾದಲ್ರಿ!” ಎಂದರು ಸಾವಕಾರರು.

“ನಾ ಬರದದ್ದು ಬರೋಬರಿ ಅದ ಸಾವಕಾರ್ರ. ದೊಡ್ಡ A. ಸುಣ್ಣ ಇನ್ನಾ ಹಂಗೇ ಅದ, ನೋಡ್ರಿ.”

“ಸುಣ್ಣ ಛಲೋ ಅದರಿ, ಕಲ್ಲು ಹಾಳಾಗ್ಯಾವ. ಕಲ್ಲು ಮಷೀನಿನ ಮ್ಯಾಲ ಇಡಸಾವ್ರು ಯಾರು? ನೀವು. ಕಣ್ಣಿಗಿ ಪೊರಿ ಬಂದದ ಅಂತ ಹೋದ ತಿಂಗಳ ನೀವೇ ಅಂದ್ರಿ. ನಾ ಏನ್ ಬ್ಯಾರೆ ಹೇಳ್ಲಿ? ಈ ಮದಿವಿ ಮುಗೀಲಿ, ಮನ್ಯಾಗ ಆರಾಮ ಕುಂದ್ರಿ.”

“ಮದಿವಿ ಮುಗಿಯೋತನ ಯಾಕ ಕಾಯಬೇಕು?” ಎಂದರು ಮಿಸ್ತ್ರಿ.

ನಾನು ಏನೂ ಅನ್ನಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗ ಪೊರೆಯ ಮೇಲೆಯೇ ಅನುಮಾನವಿತ್ತು, ಅವರ ಕಣ್ಣಿನ ಪೊರೆಯ ಮೇಲೆ. ಚಿತ್ತಾಪುರ ದಾಟಿ ವಾಡಿ ದಾಟಿ ಟ್ರ್ಯಾಕ್ಟರಿನಲ್ಲಿ ಶಹಾಬಾದಕ್ಕೆ ಮರಳಿದೆವು. ಶೆಡ್ಡಿಗೆ ಬಂದು ಅವರು ಉಳಿ, ಸುತ್ತಿಗೆ, ಒಂದು ಬಿದಿರಿನ ಪಟ್ಟಿ ಚೀಲಕ್ಕೆ ಹಾಕಿಕೊಂಡರು. ಕಿಸೆಯಿಂದ ಸೀಮೆಸುಣ್ಣದ ತುಂಡು ತೆಗೆದು ನನ್ನ ಮೇಜಿನ ಮೇಲೆ ಇಟ್ಟರು.

“ಇದು ಕಂಪನೀದು,” ಎಂದು ಹೇಳಿ ಬಸ್‌ ಸ್ಟ್ಯಾಂಡಿನ ಕಡೆ ನಡೆದರು.

ಮದುವೆಗೆ ಹದಿಮೂರು ದಿನ ಇತ್ತು. ಉಳಿದ ಕಲ್ಲು ಹನ್ನೊಂದು, ಬೇಕಾದ ಮೆಟ್ಟಿಲು ಹನ್ನೊಂದು. ಇನ್ನೊಂದು ತಪ್ಪಿಗೆ ಜಾಗವಿರಲಿಲ್ಲ.

ಮರುದಿನ ಬೆಳಿಗ್ಗೆ, ಮುಂದಿನ ಮೆಟ್ಟಿಲು ಕೊರೆಯುವ ಮೊದಲು ಒಂದು ಸಲ ನೋಡೋಣವೆಂದು ನನ್ನ ಮೇಜಿನ ಕಂಪ್ಯೂಟರಿನಲ್ಲಿ ದೊಡ್ಡ A ಮತ್ತು ಸಣ್ಣ a ಎರಡನ್ನೂ ಅಕ್ಕಪಕ್ಕ ತೆರೆದೆ. ಎರಡೂ ಒಂದೇ. ಸಾಲಿಗೆ ಸಾಲು, ಅಂಕಿಗೆ ಅಂಕಿ. B ಮತ್ತು b ಒಂದೇ. K ತನಕ ಹೋದೆ. ಬಲದ ಹನ್ನೊಂದು ಮೆಟ್ಟಿಲುಗಳು ಲೋಕದಲ್ಲಿ ಇರಲೇ ಇಲ್ಲ. ಮಿಸ್ತ್ರಿ ಕಲ್ಲನ್ನು ಸರಿಯಾಗಿಯೇ ಇಟ್ಟಿದ್ದರು. ಮಷೀನಿಗೆ ಸಿಕ್ಕ ಫೈಲೇ ಎಡದ್ದು.

ನಕ್ಷೆಯಿಂದ ಮತ್ತೆ ತಯಾರಿಸಬಹುದಲ್ಲ ಎಂದು ಯಾರಾದರೂ ಕೇಳಬಹುದು. ಸಾಧ್ಯವಿರಲಿಲ್ಲ. ಬಲದ ಗೋಡೆ ನೆಟ್ಟಗಿಲ್ಲ. ಮಿಸ್ತ್ರಿ ಸೇಡಂನಲ್ಲಿ ಒಂದೊಂದು ಮೆಟ್ಟಿಲಿನ ಜಾಗ ಅಳೆದು ಬಂದು, ಇಲ್ಲಿ ಎರಡು ಸೂತ ಕಮ್ಮಿ, ಅಲ್ಲಿ ನಾಲ್ಕು ಸೂತ ಹೆಚ್ಚು ಎಂದು ಹೇಳಿದ್ದರು. ಇಂಚಿನ ಎಂಟನೆಯ ಒಂದು ಭಾಗಕ್ಕೆ ಸೂತ ಎನ್ನುತ್ತಾರೆ. ಅದನ್ನೆಲ್ಲ ನಾನು ಮೂರು ದಿನ ಕೂತು ನೇರವಾಗಿ ಫೈಲುಗಳಲ್ಲೇ ತಿದ್ದಿದ್ದೆ. ನಕ್ಷೆಗೆ ಆ ಗೋಡೆಯ ವಕ್ರಬುದ್ಧಿ ಗೊತ್ತಿಲ್ಲ.

ಗಿಟ್‌ನ ಇತಿಹಾಸ ತೆಗೆದೆ. ಹಿಂದಿನ ವಾರದ ಒಂದು ಸಂಜೆ ಬಲದ ಹನ್ನೊಂದೂ ಫೈಲುಗಳು ಒಂದೇ ಗಳಿಗೆಯಲ್ಲಿ ಎಡದವಾಗಿದ್ದವು. ಪಕ್ಕದಲ್ಲಿ ಷರಾ: “ಇಂದಿನ ಕೆಲಸ ಸುಸೂತ್ರವಾಗಿ ನೆರವೇರಿತು.” ಕೆಳಗೆ ನನ್ನ ಹೆಸರು.

ಅಪರಾಧಿಯ ಹೆಸರು ಕಣ್ಣೆದುರಿಗಿದ್ದರೂ ಸಂಭಾವಿತರು ಮೊದಲು ಬೇರೆಯವರನ್ನು ವಿಚಾರಿಸುತ್ತಾರೆ. ಅಕ್ಕನನ್ನು ಕರೆದೆ.

“ಅಕ್ಕಾರ, ನೀವೇನರ ಒಂದರ ಮ್ಯಾಲ ಒಂದು ಕಾಪಿ ಮಾಡೀರೇನು?”

“ನಾ ಯಾಕ ಮಾಡ್ಲಿ ಸರ್? ನೀವು ಕೊಟ್ಟ ಗುಂಡಿ ಒತ್ತೀನಿ, ವಾಡಿ ರೈಲಿಗಿ ಓಡೀನಿ. ಅಷ್ಟೇ.”

ಸರಿ, ಹಳೆಯ ಬಲ ಇತಿಹಾಸದಲ್ಲಿ ಭದ್ರವಾಗಿದೆಯಲ್ಲ. ಆ ಸಂಜೆಯ ಹಿಂದಿನ ಪ್ರತಿಯಿಂದ A ಯಿಂದ K ವರೆಗೆ ಎತ್ತಿ ತಂದೆ, ದಾಖಲಿಸಿ ಕಳಿಸಿದೆ, ಶೆಡ್ಡಿನಲ್ಲಿ ಎಳೆಸಿದೆ. ಮರುದಿನ ಕೊರೆಯೋಣ ಎಂದೆ. ಮರುದಿನ ಬೆಳಿಗ್ಗೆ ನನ್ನ ಮೇಜಿನಲ್ಲಿ ಮತ್ತೆ ಹೋಲಿಸಿದರೆ A ಮತ್ತು a ಮತ್ತೆ ಒಂದೇ ಆಗಿದ್ದವು. ಈ ಸಲ ಬಲ ಉಳಿದು ಎಡ ಸತ್ತಿತ್ತು. ಷರಾ ಅದೇ, ಹೆಸರು ಅದೇ.

ಶೆಡ್ಡಿಗೆ ಹೋಗಿ ಅಕ್ಕನ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಫೋಲ್ಡರು ತೆರೆದು ಎಣಿಸಿದೆ. ಹನ್ನೊಂದು. ಕೆಳಗೆ ಸರಿಸಿ ನೋಡಿದೆ. ಸರಿಸಲು ಕೆಳಗೆ ಏನೂ ಇರಲಿಲ್ಲ.

ಅಕ್ಕ ತಮ್ಮ ಕುರ್ಚಿ ಹಿಂದೆ ಸರಿಸಿ ನನಗೆ ಜಾಗ ಮಾಡಿಕೊಟ್ಟರು.

ವಿಂಡೋಸಿನ ಡಿಸ್ಕಿಗೆ A ಮತ್ತು a ಒಂದೇ ಹೆಸರು. ಗಿಟ್ ಎರಡನ್ನೂ ಎಳೆದು ತಂದು ಒಂದರ ಮೇಲೊಂದು ಇಟ್ಟಿತ್ತು. ಮೇಲಿದ್ದದ್ದು ಉಳಿಯಿತು. ಆಮೇಲೆ ಗಿಟ್ ನೋಡುತ್ತದೆ, A ಎಲ್ಲಿದೆ? ಇಲ್ಲಿದೆ, ಆದರೆ ಒಳಗಿನದು ಬದಲಾಗಿದೆ. ಅಂದರೆ ಯಾರೋ ತಿದ್ದಿದ್ದಾರೆ. ಸಂಜೆ ನನ್ನ ಗುಂಡಿ ಆ ತಿದ್ದುಪಡಿಯನ್ನು ವಿಧೇಯತೆಯಿಂದ ದಾಖಲಿಸುತ್ತದೆ. ಎಡ ಕೊರೆದಾಗ ಎಲ್ಲ ಸರಿಯಾಗಿ ಬಂದದ್ದು ಮೇಲಿದ್ದದ್ದು ಎಡವೇ ಆಗಿದ್ದರಿಂದ. ಮಷೀನಿನ ಪುಟ್ಟ ಪರದೆಯಂತೂ ಎಲ್ಲ ಹೆಸರನ್ನೂ ದೊಡ್ಡ ಅಕ್ಷರದಲ್ಲೇ ತೋರಿಸುತ್ತದೆ, ಅಕ್ಕನಿಗೆ ಅನುಮಾನ ಬರುವ ದಾರಿಯೇ ಇರಲಿಲ್ಲ.

ಅದೇ ಕಂಪ್ಯೂಟರಿನಲ್ಲಿ ಕೂತು ಸರಿಪಡಿಸಲು ಹೊರಟೆ. ಅದು ನನ್ನ ಎರಡನೆಯ ಮೂರ್ಖತನ. A ಯನ್ನು ಹಿಂದಕ್ಕೆ ತಾ ಎಂದೆ. ತಂದಿತು, a ಬದಲಾಗಿದೆ ಎಂದಿತು. a ಯನ್ನು ತಾ ಎಂದೆ. ತಂದಿತು, A ಬದಲಾಗಿದೆ ಎಂದಿತು. ಎಲ್ಲವನ್ನೂ ಮೊದಲಿನಂತೆ ಮಾಡು, ನನ್ನದೇನೂ ಬೇಡ ಎಂದು ಕಟ್ಟಾಜ್ಞೆ ಕೊಟ್ಟೆ. ಮಾಡಿದೆ ಎಂದಿತು, ಮರುಕ್ಷಣವೇ ಹನ್ನೊಂದು ಬದಲಾಗಿವೆ ಎಂದಿತು. ಸಿಟ್ಟಿನಿಂದ ಒಂದನ್ನು ಅಳಿಸಿದೆ. ಎರಡೂ ಹೋದವು ಎಂದು ವರದಿ ಒಪ್ಪಿಸಿತು. ದೊಡ್ಡ ಸಣ್ಣ ಭೇದ ಗಮನಿಸು ಎಂಬ ಸೆಟ್ಟಿಂಗ್ ಒಂದಿದೆ, ಅದನ್ನೂ ಬದಲಿಸಿದೆ. ಗಿಟ್ ಒಪ್ಪಿತು, ಡಿಸ್ಕು ಒಪ್ಪಲಿಲ್ಲ. ಊಟದ ಹೊತ್ತಿಗೆ ನಾನು ಆ ಕಂಪ್ಯೂಟರಿಗೆ ಕೈ ಮುಗಿದು ಎದ್ದೆ. ಗುಂಡಿಯನ್ನು ತೆಗೆದು ಹಾಕಿದೆ. ಮಷೀನು ಸುಮ್ಮನೆ ನಿಂತಿತು. ಇನ್ನು ಹನ್ನೊಂದು ದಿನ.

ದಾರಿ ಗೊತ್ತಾಗಿತ್ತು. ಎಲ್ಲ ಕೆಲಸ ನನ್ನ ಲಿನಕ್ಸಿನಲ್ಲೇ ಮಾಡಬೇಕು. ಎಡ ಬಲ ಎರಡನ್ನೂ ಇತಿಹಾಸದಿಂದ ಎತ್ತಬೇಕು, ಡಿಸ್ಕು ಎಷ್ಟೇ ಕಣ್ಣು ಮುಚ್ಚಿದರೂ ಬೇರೆಯಾಗಿಯೇ ಕಾಣುವ ಹೆಸರಿಡಬೇಕು, ಶೆಡ್ಡಿನ ಹಳೆಯ ಫೋಲ್ಡರನ್ನು ಮುಟ್ಟದೆ ಪಕ್ಕಕ್ಕಿಟ್ಟು ಹೊಸದಾಗಿ ಇಳಿಸಿಕೊಳ್ಳಬೇಕು. ಅಷ್ಟೇ.

ಆಗ ಇನ್ನೊಂದು ದಾರಿಯೂ ಕಾಣಿಸಿತು. ಇತಿಹಾಸವನ್ನೇ ಬಿಟ್ಟುಬಿಡುವುದು. ಒಳ್ಳೆಯ ಇಪ್ಪತ್ತೆರಡು ಫೈಲುಗಳನ್ನು ಹೊಸ ಫೋಲ್ಡರಿಗೆ ಹಾಕಿ, ಹಳೆಯ ಗಿಟ್ ಅಳಿಸಿ, ಹೊಸದೊಂದು ಶುರು ಮಾಡುವುದು. ಎರಡು ನಿಮಿಷದ ಕೆಲಸ, ಕೇಳಿದವರಿಗೆ ಶುಚಿಗೊಳಿಸಿದೆ ಎನ್ನಬಹುದು. ಆ ಸಂಜೆಯ ಷರಾ ಮತ್ತು ಅದರ ಕೆಳಗಿನ ಹೆಸರು ಎರಡೂ ಹೋಗುತ್ತವೆ. ಮೆಟ್ಟಿಲು ಕೂರುತ್ತವೆ, ಮದುವೆ ಆಗುತ್ತದೆ. ಮಿಸ್ತ್ರಿ ಹೇಗಿದ್ದರೂ ಮನೆಗೆ ಹೋಗಿದ್ದಾರೆ. ಹೊಸ ಫೋಲ್ಡರು ಮಾಡಿಯೂ ಬಿಟ್ಟೆ.

ನನ್ನನ್ನು ತಡೆದದ್ದು ಆತ್ಮಸಾಕ್ಷಿಯಲ್ಲ, H. ಬಲದ ಎಂಟನೆಯ ಮೆಟ್ಟಿಲು.

ಹಳೆಯ ಪ್ರತಿಯಿಂದ ಎತ್ತಿದ H ನಲ್ಲಿ ಮಿಸ್ತ್ರಿಯ ತಿದ್ದುಪಡಿ ಇರಲಿಲ್ಲ. ನೆನಪಾಯಿತು. ಆ ಒಂದರ ಅಳತೆಯನ್ನು ಮಾತ್ರ ಅವರು ತಡವಾಗಿ, ಬಲ ಆಗಲೇ ಸತ್ತ ಮೇಲೆ, ಹೇಳಿದ್ದರು. ನಾನು H ತೆರೆದು ಹಾಕಲು ಹೋದಾಗ ಆ ಅಳತೆ ಅಲ್ಲಿ ಹುಚ್ಚುಹುಚ್ಚಾಗಿ ಕಂಡಿತ್ತು. ಕಾಣದೆ ಏನು, ಅದು ಎಡದ ಮೆಟ್ಟಿಲಾಗಿತ್ತು. ಚಾಚಾ ಮುದುಕರಾದರು, ತಪ್ಪು ಹೇಳಿದ್ದಾರೆ ಎಂದುಕೊಂಡು ಅವರನ್ನು ಮತ್ತೆ ಕೇಳದೆ ನನಗೆ ಸರಿ ಕಂಡ ಅಂಕಿ ಹಾಕಿದ್ದೆ. ಅವರು ಹೇಳಿದ ಅಂಕಿ ನೆನಪಿಗೆ ಬರಲಿಲ್ಲ. ಹಾಗೆ ತೋರಿಸಿ ಕಂಪ್ಯೂಟರು ಅಂದೇ ಎಚ್ಚರಿಸಿತ್ತು, ನಾನು ಅದನ್ನು ಮುದುಕರ ಲೆಕ್ಕಕ್ಕೆ ಬರೆದಿದ್ದೆ.

ಗೋಡೆಯನ್ನು ನಾನೇ ಅಳೆಯೋಣವೆಂದು ಸೇಡಂಗೆ ಫೋನು ಮಾಡಿದೆ. ಗೋಡೆಗೆ ಗಾರೆ ಬಳಿಯುವ ಗಿಲಾಯಿ ಮುಗಿದು ಅಲ್ಲಿ ಪಾಲಿಶ್ ಮಾಡಿದ ಕಲ್ಲಿನ ಫಳಕು ಕೂರಿಸಿದ್ದರು. ಮೆಟ್ಟಿಲು ತೂರುವಷ್ಟು ಬಾಯಿ ಮಾತ್ರ ಬಿಟ್ಟು, ಅಳೆಯಬೇಕಾದ ಒಳಗಿನ ಸಂದು ಫಳಕಿನ ಹಿಂದೆ ಹೋಗಿತ್ತು. ಮಿಸ್ತ್ರಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮೂರು ಸಲ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದೆ. ಕಾಳಗಿಯಲ್ಲಿ ಇಳಿದು ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ತಿರುಗಿಸಿ ಮುರುಗಿಸಿ ಸಿದ್ಧ ಮಾಡಿಕೊಂಡೆ: ಚಾಚಾ, ಹೀಗೇ ಬಂದಿದ್ದೆ, ಎಂಟನೆಯ ಮೆಟ್ಟಿಲಿನ ಅಳತೆ ಒಂದು ಹೇಳಿಬಿಡಿ. ಇಷ್ಟು ಹಗುರವಾದ ವಾಕ್ಯವನ್ನು ಹೊತ್ತು ನಾನು ಎಂದೂ ಅಷ್ಟು ದಣಿದಿರಲಿಲ್ಲ.

ಸುಲೇಪೇಟದಲ್ಲಿ ಮಿಸ್ತ್ರಿ ಮನೆಯ ಮುಂದೆ ಕೂತು ನೆರೆಮನೆಯವರ ಬೀಸುಕಲ್ಲಿನ ಸವೆದ ಮೈಗೆ ಉಳಿಯಿಂದ ಮತ್ತೆ ಮೊನೆ ಕೊಡುತ್ತಿದ್ದರು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

“ಬರ್ರಿ ಮಾಸ್ತರ್ರ. ಕುಂದ್ರಿ. ಶಹಾಬಾದದಾಗ ಬಲಗೈ ಸಿಕ್ಕಿತೇನು?”

“ಚಾಚಾ, H ಅಳತಿ ಬೇಕಾಗಿತ್ತು.”

“ನನ್ನ ಅಳತೀನಾ? ಕಣ್ಣ ಹೋದಾವನ ಅಳತಿ ತಗೊಂಡು ಏನ್ ಮಾಡ್ತೀರಿ?”

“ನೀವು ಹೇಳಿದ್ದು ಸರಿ ಇತ್ತು.”

“ಅದು ನಂಗ ಗೊತ್ತದ. ಅದನ್ನ ಹೇಳಾಕ ಬಸ್ಸಿನಾಗ ಬಂದ್ರಿ?”

ಒಳಗಿನಿಂದ ಅವರ ಮನೆಯವರು ಬಸಿಯಲ್ಲಿ ಚಹಾ ತಂದಿಟ್ಟರು. ಅದು ಆರುವ ತನಕ ಸಿದ್ಧ ಮಾಡಿಕೊಂಡ ವಾಕ್ಯಕ್ಕಾಗಿ ಹುಡುಕಿದೆ. ಸಿಗಲಿಲ್ಲ. ಸಿಕ್ಕದ್ದು ಬೇರೆ. ಹೆಸರಿಟ್ಟದ್ದು ನಾನು, ಹನ್ನೊಂದೇ ಇವೆ ಎಂದಾಗ ತಲೆ ಎತ್ತದವನು ನಾನು, ಗುಂಡಿ ನನ್ನದು, H ಅಳತೆ ಬದಲಿಸಿದವನು ನಾನು, ಸೇಡಂನಲ್ಲಿ ಸುಮ್ಮನೆ ನಿಂತವನೂ ನಾನು. ಒಂದಾದ ಮೇಲೆ ಒಂದು ಹೇಳಿದೆ. ಉಳಿಯ ಸದ್ದು ಎಲ್ಲಿ ನಿಂತಿತೋ ಗೊತ್ತಾಗಲಿಲ್ಲ.

“ಅಂದ್ರ ಆ ಮಷೀನಿಗಿ ದೊಡ್ಡಕ್ಷರ ಸಣ್ಣಕ್ಷರ ಫರಕ್ ತಿಳೀವಲ್ದು.”

“ಇಲ್ರಿ.”

“ನಾ ಸಾಲಿ ಕಟ್ಟಿ ಹತ್ತಿಲ್ಲ, ನಂಗ ತಿಳೀತದ.” ಸ್ವಲ್ಪ ಹೊತ್ತು ಬೀಸುಕಲ್ಲನ್ನು ಅಂಗೈಯಿಂದ ಸವರಿದರು. “ಇದೆಲ್ಲಾ ನನ್ನ ಮುಂದ ಹೇಳಿದ್ರ ಏನಾಯ್ತು ಮಾಸ್ತರ್ರ? ನಂಗ ಮೊದಲೇ ಗೊತ್ತಿತ್ತು ನನ್ನ ತಪ್ಪಿಲ್ಲಂತ. ಗೊತ್ತಿಲ್ಲದಾವ್ರು ಶಹಾಬಾದದಾಗ ಅದಾರ.”

ಎದ್ದು ಒಳಗೆ ಹೋಗಿ ಆ ಬಿದಿರಿನ ಪಟ್ಟಿ ತಂದರು. ಅದರ ಒಂದು ಅಂಚಿಗೆ ಹನ್ನೊಂದು ಕಚ್ಚು, ಇನ್ನೊಂದು ಅಂಚಿಗೆ ಹನ್ನೊಂದು ಕಚ್ಚು. ಒಂದು ಅಂಚು ಬಲ, ಒಂದು ಅಂಚು ಎಡ. ಎಂಟನೆಯ ಕಚ್ಚಿನ ಮೇಲೆ ಉಗುರಿಟ್ಟು ತೋರಿಸಿದರು. ಎರಡು ಇಂಚು ಮೂರು ಸೂತ. ಆ ಜಾಗದಲ್ಲಿ ಗೋಡೆಯೊಳಗೆ ಒಂದು ಕಂಬ ಇದೆಯಂತೆ. ಎರಡು ಇಂಚನ್ನು ನಾನು ಮುದುಕರ ಮರೆವು ಎಂದು ಕಡಿದು ಮೂರು ಸೂತ ಮಾತ್ರ ಹಾಕಿದ್ದೆ.

ಪಟ್ಟಿ ಕೈಗೆ ಕೊಟ್ಟರು. “ಇದು ಕಂಪನೀದಲ್ಲ. ತಿರುಗಿ ಕೊಡಬೇಕು.”

ಹಿಂದೆ ಬರುವಾಗ ಬಸ್ಸಿನಲ್ಲಿ ಕೂತು ಹೊಸ ಫೋಲ್ಡರನ್ನು ಅಳಿಸುವುದೆಂದು ಗೊತ್ತು ಮಾಡಿಕೊಂಡೆ. ಇತಿಹಾಸ ಇದ್ದ ಹಾಗೆ ಇರಲಿ. ಮಿಸ್ತ್ರಿಯ ಪರವಾಗಿ ಅದೊಂದೇ ಸಾಕ್ಷಿ, ಅದರ ಹೇಳಿಕೆಯ ಕೆಳಗೆ ಇರುವುದು ನನ್ನ ಸಹಿ.

ಸಾವಕಾರರಿಗೆ ಗಿಟ್ ತೋರಿಸಿ ಪ್ರಯೋಜನವಿರಲಿಲ್ಲ. ಅವರನ್ನೂ ಅಕ್ಕನನ್ನೂ ಶೆಡ್ಡಿನ ಕಂಪ್ಯೂಟರಿನ ಮುಂದೆ ಕೂರಿಸಿದೆ. ಖಾಲಿ ಫೋಲ್ಡರಿನಲ್ಲಿ ಒಂದು ಫೈಲು ಮಾಡಿ ಒಳಗೆ ‘ಬಲ’ ಎಂದು ಬರೆದು ದೊಡ್ಡ A ಎಂದು ಹೆಸರಿಟ್ಟೆ. ಇನ್ನೊಂದು ಮಾಡಿ ‘ಎಡ’ ಎಂದು ಬರೆದು ಸಣ್ಣ a ಎಂದು ಹೆಸರಿಡಲು ಹೋದೆ. ಈ ಹೆಸರಿನದು ಆಗಲೇ ಇದೆ, ಅದರ ಜಾಗದಲ್ಲಿ ಇದನ್ನು ಇಡಲೇ ಎಂದು ಕೇಳಿತು. ಹೌದು ಒತ್ತಿದೆ. ಉಳಿದ ಒಂದನ್ನು ತೆರೆದು ತೋರಿಸಿದೆ.

“ಬಲ ಎಲ್ಲಿ ಹೋಯ್ತು?” ಎಂದರು ಸಾವಕಾರರು.

“ಇದೇ ನುಂಗಿತು. ನಾಲ್ಕು ಕಲ್ಲೂ ಹಿಂಗೇ ಹೋದವು. ಚಾಚಾಂದು ಗುರುತು ಬರೋಬರಿ ಇತ್ತು, ಕಲ್ಲು ಇಟ್ಟದ್ದೂ ಬರೋಬರಿ. ಹೆಸರು ಇಟ್ಟಾವ ನಾ.”

“ಅಲ್ರಿ, ಇದು ಇಲ್ಲಿ ಕೇಳಾಕತ್ತದ, ಇಡ್ಲೇನು ಅಂತ. ಅವತ್ತ ಯಾಕ ಕೇಳಲಿಲ್ಲ?”

“ಗಿಟ್ ಕೇಳಂಗಿಲ್ರಿ. ಅದನ್ನ ಕೇಳಬೇಕಾದಾವ ನಾ ಇದ್ದೆ. ಅಕ್ಕಾರು ಕೇಳಿದ್ರು, ಹನ್ನೊಂದೇ ಯಾಕಂತ.”

“ಕೆಳಗ ಸರಿಸಿ ನೋಡು ಅಂದ್ರು ಸರ್,” ಎಂದರು ಅಕ್ಕ. ಆ ಮಾತನ್ನು ಅವರು ಎಷ್ಟು ದಿನದಿಂದ ಕಾಯ್ದಿಟ್ಟಿದ್ದರೋ, ಬಹಳ ಮೃದುವಾಗಿ ಹೇಳಿದರು.

ಸಾವಕಾರರು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು. “ಮಾಸ್ತರ್ರ, ನಾಲ್ಕು ಜನರ ಮುಂದ ಆ ಮನಷ್ಯಾಗ ಕುಡ್ಡ ಅಂದಂಗ ಅಂದೀನಿ. ಈಗ ಫೋನ್ ಮಾಡಿ ಏನ್ ಹೇಳ್ಲಿ?”

“ಅವರು ಫೋನ್ ಎತ್ತಂಗಿಲ್ರಿ.”

ಸಾವಕಾರರು ಕಾರಿನ ಕೀಲಿ ತಗೊಂಡು ಎದ್ದರು. ಸುಲೇಪೇಟದಲ್ಲಿ ಏನು ಮಾತಾಯಿತೋ ನನಗೆ ತಿಳಿಯದು. ಕೇಳುವ ಅಧಿಕಾರ ನನಗಿರಲಿಲ್ಲ.

ಅವರು ಹೋದ ಮೇಲೆ ನಾನು ಲಿನಕ್ಸಿನ ಮುಂದೆ ಕೂತೆ. ಆ ಮೊದಲ ಸಂಜೆಗಿಂತ ಹಿಂದಿನ ಪ್ರತಿಯಿಂದ ಇಪ್ಪತ್ತೆರಡೂ ಫೈಲು ಎತ್ತಿದೆ. A ಮತ್ತು a ಬೇರೆ ಇವೆಯೇ ಎಂದು ಜೋಡಿ ಜೋಡಿಯಾಗಿ ಹೋಲಿಸಿದೆ. H ನಲ್ಲಿ ಎರಡು ಇಂಚು ಮೂರು ಸೂತ ಹಾಕಿದೆ. ಬಲದ ಮೆಟ್ಟಿಲಿನಲ್ಲಿ ಅದು ಚೂರೂ ಹುಚ್ಚಾಗಿ ಕಾಣಲಿಲ್ಲ. ಉಳಿದ ಹತ್ತನ್ನೂ ಬಿದಿರಿನ ಪಟ್ಟಿಯ ಕಚ್ಚುಗಳಿಗೆ ತಾಳೆ ನೋಡಿದೆ. ಆಮೇಲೆ ಬಲದವಕ್ಕೆ bala ಎಂದೂ ಎಡದವಕ್ಕೆ eda ಎಂದೂ, ಮುಂದೆ ಒಂದರಿಂದ ಹನ್ನೊಂದರ ಅಂಕಿ ಸೇರಿಸಿ, ಎಲ್ಲ ಸಣ್ಣ ಅಕ್ಷರದಲ್ಲೇ ಹೊಸ ಹೆಸರು ಕೊಟ್ಟೆ. ಕಳಿಸುವ ಮುನ್ನ ಹೆಸರುಗಳ ಪಟ್ಟಿಯನ್ನೆಲ್ಲ ಸಣ್ಣ ಅಕ್ಷರಕ್ಕೆ ಇಳಿಸಿ, ಎರಡು ಸಲ ಬಂದದ್ದು ಇದ್ದರೆ ತಡೆಯುವ ಒಂದು ಪಹರೆ ಕೂರಿಸಿದೆ. ಷರಾ ಈ ಸಲ ಕೈಯಾರೆ ಬರೆದೆ: “ಬಲದ ಫೈಲುಗಳ ಮೇಲೆ ಎಡದವು ಬಿದ್ದದ್ದು ನಾನು ಇಟ್ಟ ಹೆಸರಿನಿಂದ. ಮಿಸ್ತ್ರಿಯ ಗುರುತು, ಅಳತೆ ಎರಡೂ ಸರಿ ಇದ್ದವು.” ಶೆಡ್ಡಿನಲ್ಲಿ ಹೊಸ ಫೋಲ್ಡರಿಗೆ ಇಳಿಸಿಕೊಂಡು ಅಕ್ಕನನ್ನು ಕರೆದೆ.

“ಎಣಸ್ರಿ ಅಕ್ಕಾರ.”

ಬೆರಳಿಟ್ಟು ಎಣಿಸಿದರು. “ಇಪ್ಪತ್ತೆರಡು.” ಆಮೇಲೆ ನನ್ನ ಮುಖ ನೋಡಿ, “ಕೆಳಗ ಸರಿಸಿ ನೋಡ್ಲೇನ್ರಿ?” ಎಂದರು.

ಮರುದಿನ ಮೊದಲ ಬಸ್ಸಿಗೆ ಮಿಸ್ತ್ರಿ ಬಂದರು. ಸಾವಕಾರರ ಕಾರಿನಲ್ಲಿ ಬರಲು ಒಪ್ಪಿರಲಿಲ್ಲವಂತೆ. ನನ್ನ ಮೇಜಿನ ಮೇಲಿನ ಸೀಮೆಸುಣ್ಣ ಎತ್ತಿಕೊಂಡು, ಬಿದಿರಿನ ಪಟ್ಟಿಗೆ ಕೈ ಚಾಚಿದರು. ಕೊಟ್ಟೆ. ನಿಮ್ಮ ಗುರುತು ಬದಲಿಸಬೇಕಾಗಿಲ್ಲ, ಗೋಡೆಗೆ ಹೆಸರುಗಳ ಕಾಗದ ಅಂಟಿಸಿದ್ದೇನೆ, A ಅಂದರೆ bala ಒಂದು ಎಂದೆ.

“ನಾ ಎಲ್ಲಿ ಬದಲಿಸ್ತೀನಂದೆ?” ಎಂದರು.

ದಿನಕ್ಕೆರಡು, ಕೆಲವೊಮ್ಮೆ ಒಂದು. ಕಲ್ಲು ಮಷೀನಿಗೆ ಏರಿದಾಗಲೆಲ್ಲ ನಾವು ಮೂವರೂ ಸುತ್ತ ನಿಲ್ಲುತ್ತಿದ್ದೆವು. ದುಂಡು ಅಂಚು ಯಾವ ಕಡೆ ಮೂಡುತ್ತದೆ ಎಂದು ಗೊತ್ತಾಗುವ ತನಕ ಯಾರೂ ಚಹಾ ಕುಡಿಯುತ್ತಿರಲಿಲ್ಲ. ಬಲ, ಬಲ, ಬಲ. ಹತ್ತು ಆದವು. ಹನ್ನೊಂದನೆಯ ಕಲ್ಲಿನ ಅರ್ಧಕ್ಕೆ ಬಂದಾಗ ಒಂದು ಸಣ್ಣ ಸದ್ದಾಯಿತು. ಅಕ್ಕ ಮಷೀನು ನಿಲ್ಲಿಸಿದರು. ಕಲ್ಲಿನೊಳಗೆ ಕೂದಲೆಳೆಯಂಥ ಒಂದು ಬಿರುಕು ಇತ್ತು, ಅದರ ಗುಂಟ ಕಲ್ಲು ಎರಡಾಗಿತ್ತು. ಮದುವೆಗೆ ಮೂರು ದಿನ.

ಕಲ್ಲು ಇನ್ನಿರಲಿಲ್ಲ. ನಾನು ಅಲ್ಲೇ ಒಂದು ಖಾಲಿ ಡಬ್ಬದ ಮೇಲೆ ಕೂತೆ. ಫೈಲು ಸರಿ ಇದೆ, ಹೆಸರು ಸರಿ ಇದೆ, ಇತಿಹಾಸ ಸರಿ ಇದೆ. ಇವೆಲ್ಲ ಎಷ್ಟು ಸರಿ ಇದ್ದರೂ ಕಲ್ಲು ಮೂಡುವುದಿಲ್ಲ ಎಂಬ ಜ್ಞಾನ ಆ ಡಬ್ಬದ ಮೇಲೆ ಉಂಟಾಯಿತು.

ಮಿಸ್ತ್ರಿ ಹೊರಗೆ ಹೋದರು. ಹಾಳಾದ ನಾಲ್ಕು ಕಲ್ಲು ಗೋಡೆಗೆ ಆನಿಸಿ ಇಟ್ಟಿದ್ದೆವು. ದೊಡ್ಡದರ ಮುಂದೆ, ಅಂದರೆ ತಪ್ಪಾಗಿ ಎಡಕ್ಕೆ ಕೊರೆದ ಬಲದ ಮೊದಲ ಮೆಟ್ಟಿಲಿನ ಮುಂದೆ, ಕುಕ್ಕರಗಾಲಲ್ಲಿ ಕೂತು ಬಿದಿರಿನ ಪಟ್ಟಿಯನ್ನು ಅತ್ತ ಇತ್ತ ಇಟ್ಟು ನೋಡಿದರು.

“ಮ್ಯಾಲಿನ ಮೆಟ್ಟಲ ಸಣ್ಣದದಲ್ರಿ. ಇದರ ಹೊಟ್ಟಿಯಾಗ ಕುಂದ್ರತದ. ಈ ಕೆಟ್ಟ ಅಂಚೆಲ್ಲಾ ಕಡದು ಹೋಗ್ತದ.”

“ಮಷೀನಿಗಿ ಏರಿಸಲೇನು ಚಾಚಾ? ಸರ್ ಫೈಲ್ ಮಾಡಿ ಕೊಡ್ತಾರ,” ಎಂದರು ಅಕ್ಕ.

ಮಿಸ್ತ್ರಿ ನನ್ನ ಕಡೆ ನೋಡಿದರು. “ಬ್ಯಾಡ ಬಿಡ್ರಿ. ಸರ್ ಭಾಳ ದಣದಾರ.”

ಎರಡು ಹಗಲು ಉಳಿ ಸುತ್ತಿಗೆ ಹಿಡಿದು ಕಡಿದರು. ಅಂಚನ್ನು ಸಾಣೆಕಲ್ಲಿನಿಂದ ತಿಕ್ಕಿ ದುಂಡು ಮಾಡಿದರು. ಕಣ್ಣಿನಿಂದ ನೋಡುವುದಕ್ಕಿಂತ ಹೆಬ್ಬೆರಳಿನಿಂದ ನೋಡುವುದೇ ಹೆಚ್ಚಾಗಿತ್ತು. ಮೇಲೆ ಹಳೆಯ ದೊಡ್ಡ A ಇತ್ತು. ಅದನ್ನು ಒರೆಸಿ ದೊಡ್ಡ K ಬರೆದರು.

ಮದುವೆಯ ಹಿಂದಿನ ದಿನ ಸೇಡಂನಲ್ಲಿ ಬಲಕ್ಕೆ ಹನ್ನೊಂದು, ಎಡಕ್ಕೆ ಹನ್ನೊಂದು ಮೆಟ್ಟಿಲು ಕೂತವು. ಹಾಳಾದ ಮೂರು ಕಲ್ಲು, ಎರಡಾದದ್ದೊಂದು ಶೆಡ್ಡಿನ ಹಿಂದಿವೆ. ಮಿಸ್ತ್ರಿ ಚಾಚಾ ಕೆಲಸದಲ್ಲಿದ್ದಾರೆ.